ಮಾರಿಕಣಿವೆ ತುಂಬಿದೆ, ದೋಣಿ ಬಂದರೆ ಲೈಫ್ ಜಾಕೆಟ್‌ನ ದುಡ್ಡು ಯಾರದು?

ಈ ಸಂಚಿಕೆಯಲ್ಲಿ ಒಂದು ಲೆಕ್ಕ ಬಿಡಿಸೋಣ. ಸರ್ಕಾರದ ದುಡ್ಡಿನ ಲೆಕ್ಕ, ಆದ್ರೆ ನೀರಿನ ಮೇಲಿನದು. ಬೋಟಿಂಗ್‌ಗೆ ಹೋದಾಗ ನಾವು ಟಿಕೆಟ್ ತಗೋತೀವಿ, ಫೋಟೊ ತೆಗೀತೀವಿ, ವಾಪಸ್ ಬರ್ತೀವಿ. ನಮ್ಮ ಜೀವ ಕಾಯೋಕೆ ಅಂತ ಅಲ್ಲಿ ಯಾರು ಎಷ್ಟು ಖರ್ಚು ಮಾಡಿದಾರೆ ಅಂತ ಯಾವತ್ತಾದ್ರೂ ಕೇಳಿದೀವಾ? ನಾನಂತೂ ಕೇಳಿದವರನ್ನ ನೋಡಿಲ್ಲ.

ಈ ಪ್ರಶ್ನೆಯನ್ನ ಚಿತ್ರದುರ್ಗದಂಥ ಬರದ ಜಿಲ್ಲೆಯಲ್ಲಿ ಯಾಕೆ ಕೇಳ್ಬೇಕು ಅಂದ್ರೆ, ಇಲ್ಲಿ ಈಗ ನೀರಿದೆ. ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರ, ನಾವು ಊರ ಕಡೆ ಮಾರಿಕಣಿವೆ ಅನ್ನೋ ಡ್ಯಾಂ, ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ್ದು. ಕೆಲಸ ಮುಗಿದದ್ದು 1907ರಲ್ಲಿ. ಪೂರ್ಣ ಮಟ್ಟ 130 ಅಡಿ, ಹಿಡಿಯೋ ನೀರು ಸುಮಾರು 30 ಟಿಎಂಸಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ? 2022ರ ಸೆಪ್ಟೆಂಬರ್‌ನಲ್ಲಿ! ನಡುವೆ 89 ವರ್ಷ. ಅಜ್ಜ ಹೇಳಿದ ಕತೆಯನ್ನ ಮೊಮ್ಮಕ್ಕಳು ಕಣ್ಣಾರೆ ನೋಡಿದ ಹಾಗಾಯ್ತು. ಮೂರನೇ ಸಲಕ್ಕೆ ಅಷ್ಟು ಕಾಯಬೇಕಾಗಲಿಲ್ಲ, 2025ರ ಜನವರಿಯಲ್ಲೇ ಮತ್ತೆ ಕೋಡಿ ಬಿತ್ತು. ಭದ್ರಾ ಮೇಲ್ದಂಡೆಯ ನೀರು ಬರೋಕೆ ಶುರುವಾದ ಮೇಲೆ ಕೆರೆಯ ಹಣೆಬರಹವೇ ಬದಲಾಗಿದೆ. ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿಕೊಳ್ಳುತ್ತೆ.

ಕೋಡಿ ಬಿದ್ದಾಗ ಜನ ಹೇಗೆ ಮುಗಿಬಿದ್ದರು ಅಂತ ನಿಮ್ಮ ಫೋನಿನ ರೀಲ್ಸೇ ಹೇಳುತ್ತೆ. ಬೆಂಗಳೂರಿನಿಂದ ಬರೋರಿಗೆ ಹಿರಿಯೂರು ಹೆದ್ದಾರಿ ಮೇಲೇ ಸಿಗುತ್ತೆ, ಅಲ್ಲಿಂದ ಡ್ಯಾಂ ಸುಮಾರು 20 ಕಿಲೋಮೀಟರ್. ಇಷ್ಟು ನೀರು, ಇಷ್ಟು ಜನ ಇರೋ ಕಡೆ 'ಒಂದು ಬೋಟಿಂಗ್ ಇದ್ದಿದ್ರೆ' ಅನ್ನೋ ಮಾತು ಬಂದೇ ಬರುತ್ತೆ. ನಾನು ಬೋಟಿಂಗ್ ವಿರೋಧಿ ಅಲ್ಲ. ನಮ್ಮ ಹುಡುಗರಿಗೆ ಕೆಲಸ ಸಿಗುತ್ತೆ ಅಂದ್ರೆ ಬರಲಿ. ಆದ್ರೆ ಮೊದಲ ದೋಣಿ ನೀರಿಗೆ ಇಳಿಯೋ ಮುಂಚೆ ಸುರಕ್ಷತೆಯ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ತೀರ್ಮಾನ ಆಗಬೇಕು.

ಬಜೆಟ್ ಪುಸ್ತಕ ತೆಗೆದು ನೋಡಿದ್ರೆ ಪ್ರತಿ ಖರ್ಚಿಗೂ ಒಂದು ಲೆಕ್ಕ ಶೀರ್ಷಿಕೆ, ಅದಕ್ಕೊಂದು ನಂಬರ್ ಇರುತ್ತೆ. ಪ್ರವಾಸೋದ್ಯಮ ಅಂದ್ರೆ 3452. ಅದರಲ್ಲೇ ಕಟ್ಟಡ, ಜೆಟ್ಟಿ ಥರದ ಬಂಡವಾಳ ವೆಚ್ಚಕ್ಕೆ 5452. ಒಳನಾಡು ಜಲಸಾರಿಗೆಗೆ 3056. ಕ್ರೀಡೆ ಮತ್ತು ಯುವಜನ ಸೇವೆ 2204. ಪ್ರಕೃತಿ ವಿಕೋಪ ಪರಿಹಾರ 2245. ಇವು ದೇಶದ ಎಲ್ಲ ರಾಜ್ಯಗಳಿಗೂ ಒಂದೇ. ಈ ಪಟ್ಟಿಯಲ್ಲಿ 'ಬೋಟಿಂಗ್ ಸುರಕ್ಷತೆ' ಅಂತ ಒಂದು ಶೀರ್ಷಿಕೆ ಇಲ್ಲ. ಜೆಟ್ಟಿ ಒಬ್ಬರ ಖಾತೆ, ದೋಣಿ ತಪಾಸಣೆ ಇನ್ನೊಬ್ಬರದು, ತರಬೇತಿ ಮತ್ತೊಬ್ಬರದು, ಮುಳುಗಿದವರನ್ನ ಎತ್ತೋದು ಅಗ್ನಿಶಾಮಕದವರ ಕೆಲಸ. ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ.

ಹಾಗಾದ್ರೆ ಈ ದುಡ್ಡು ಒಟ್ಟಾಗಿ, ಕಣ್ಣಿಗೆ ಕಾಣೋ ಹಾಗೆ ಹೊರಬರೋದು ಯಾವಾಗ? ಸತ್ತ ಮೇಲೆ. ಪರಿಹಾರದ ಚೆಕ್ ಆಗಿ.

ಕಠೋರ ಅನ್ನಿಸಬಹುದು, ಆದ್ರೆ ಲೆಕ್ಕ ನೋಡಿ. 2024ರ ಜನವರಿ 18, ಗುಜರಾತಿನ ವಡೋದರ. ಹರಣಿ ಕೆರೆಗೆ ಶಾಲಾ ಮಕ್ಕಳು ಪಿಕ್ನಿಕ್‌ಗೆ ಬಂದಿದ್ರು. ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿ ಮಿತಿ ಮೀರಿ ಜನ ಇದ್ರು, ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ರಾಜ್ಯ ಸರ್ಕಾರ ಪ್ರತಿ ಕುಟುಂಬಕ್ಕೆ 4 ಲಕ್ಷ, ಪ್ರಧಾನಿ ಪರಿಹಾರ ನಿಧಿಯಿಂದ 2 ಲಕ್ಷ ಘೋಷಣೆ ಆಯ್ತು. 14 ಜನಕ್ಕೆ 84 ಲಕ್ಷ. ಒಂದು ಲೈಫ್ ಜಾಕೆಟ್‌ಗೆ ಎರಡು ಸಾವಿರ ರೂಪಾಯಿ ಅಂತ ಇಟ್ಟುಕೊಂಡರೂ 4,200 ಜಾಕೆಟ್ ಬರ್ತಿತ್ತು. ಅದಕ್ಕೂ ಮುಂಚೆ, 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮುಳುಗಿ 22 ಜನ ಹೋದರು. ಅಲ್ಲಿ ರಾಜ್ಯದಿಂದ 10 ಲಕ್ಷ, ಕೇಂದ್ರದಿಂದ 2 ಲಕ್ಷ, ಒಟ್ಟು 2 ಕೋಟಿ 64 ಲಕ್ಷ. ಆ ಕುಟುಂಬಗಳಿಗೆ ಆ ದುಡ್ಡು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋದು ಅಂತ ಗಾದೆ ಇದೆಯಲ್ಲ, ದುರ್ಗದ ಜನಕ್ಕೆ ಅದನ್ನ ಬಿಡಿಸಿ ಹೇಳ್ಬೇಕಾ?

ನಮ್ಮ ರಾಜ್ಯಕ್ಕೂ ಈ ನೋವು ಹೊಸದಲ್ಲ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ವಾಪಸ್ ಬರುವಾಗ ದೋಣಿ ಮಗುಚಿ 16 ಜನ ಸತ್ತರು. ಅಲ್ಲೂ ಅದೇ, ಹಿಡಿಸೋದಕ್ಕಿಂತ ಹೆಚ್ಚು ಜನ.

ಹೆಚ್ಚಿನ ಕಡೆ ಸರ್ಕಾರ ಬೋಟಿಂಗನ್ನ ತಾನೇ ನಡೆಸೋದಿಲ್ಲ, ಟೆಂಡರ್ ಕರೆದು ಗುತ್ತಿಗೆ ಕೊಡುತ್ತೆ. ಹರಣಿ ಕೆರೆಯದ್ದೂ ಹಾಗೇ, ನಗರ ಪಾಲಿಕೆ ಖಾಸಗಿಯವರಿಗೆ ವಹಿಸಿದ್ದು. ಅಂದ್ರೆ ಜಾಕೆಟ್, ಈಜು ಬಲ್ಲ ಸಿಬ್ಬಂದಿ, ರಕ್ಷಣಾ ದೋಣಿ ಇವೆಲ್ಲ ಗುತ್ತಿಗೆದಾರನ ಜೇಬಿನಿಂದ ಬರಬೇಕು. ಟೆಂಡರ್ ಸಿಗೋದು ಸರ್ಕಾರಕ್ಕೆ ಜಾಸ್ತಿ ದುಡ್ಡು ಕಟ್ತೀನಿ ಅಂದವನಿಗೆ. ಜಾಸ್ತಿ ಕಟ್ಟಿದವನು ಅದನ್ನ ಎಲ್ಲಿಂದ ವಾಪಸ್ ತೆಗೀತಾನೆ? ಒಂದು ಟ್ರಿಪ್ಪಿಗೆ ಇನ್ನೂ ನಾಲ್ಕು ಜನರನ್ನ ಹತ್ತಿಸಿ. ಹಾಗಾಗಿ ಸುರಕ್ಷತೆಯ ಖರ್ಚಿನ ನಿಜವಾದ ಜಾಗ ಬಜೆಟ್ ಪುಸ್ತಕ ಅಲ್ಲ, ಟೆಂಡರ್ ಷರತ್ತಿನ ಪುಟ. ಅದನ್ನ ಯಾರೂ ಓದಲ್ಲ.

ಸರ್ಕಾರವೇ ನಡೆಸಿದ್ರೆ ಸರಿಹೋಗುತ್ತಾ ಅಂದ್ರೆ, ಅದಕ್ಕೂ ಗ್ಯಾರಂಟಿ ಇಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 'ಜಲಕನ್ಯಕಾ' ಮುಳುಗಿ 45 ಜನ ಸತ್ತರು. ಅದು ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ್ದೇ ದೋಣಿ, ಸಾರ್ವಜನಿಕ ದುಡ್ಡಲ್ಲಿ ತಂದ ಹೊಸ ಡಬಲ್ ಡೆಕ್ಕರ್. ದೋಣಿ ಮೇಲೆ ಖರ್ಚು ಮಾಡೋದು ಬೇರೆ, ಸುರಕ್ಷತೆ ಮೇಲೆ ಖರ್ಚು ಮಾಡೋದೇ ಬೇರೆ.

ಒಂದು ನಿಮಿಷ ದೋಣಿ ಯಾಕೆ ಮಗುಚುತ್ತೆ ಅಂತ ನೋಡೋಣ. ಕೂತಿದ್ದಾಗ ನಮ್ಮ ತೂಕ ಕೆಳಗಿರುತ್ತೆ, ದೋಣಿ ತಡೆದುಕೊಳ್ಳುತ್ತೆ. ನಿಂತ ತಕ್ಷಣ ತೂಕದ ಕೇಂದ್ರ ಮೇಲೆ ಹೋಗುತ್ತೆ. ಎಲ್ಲರೂ ಒಂದೇ ಕಡೆ ವಾಲಿದ್ರೆ, ಸೆಲ್ಫಿಗೋ ದಡದ ಮೇಲಿನ ಪ್ರಾಣಿ ನೋಡೋಕೋ, ಆ ಬದಿಯ ಅಂಚು ನೀರಿಗೆ ತಾಗುತ್ತೆ, ನೀರು ಒಳಗೆ ನುಗ್ಗುತ್ತೆ. ನುಗ್ಗಿದ ನೀರು ಸುಮ್ಮನೆ ನಿಲ್ಲಲ್ಲ, ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತೆ. ಆಮೇಲೆ ಎಲ್ಲ ಕೆಲವೇ ಸೆಕೆಂಡು. ಅದಕ್ಕೇ 'ಇಷ್ಟೇ ಜನ' ಅಂತ ಬರೆದ ಬೋರ್ಡು ಅಲಂಕಾರಕ್ಕಲ್ಲ. ಬಕಲ್ ಹಾಕದೆ ಹೆಗಲಿಗೆ ನೇತುಹಾಕಿಕೊಂಡ ಜಾಕೆಟ್ಟೂ ಅಷ್ಟೇ, ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತೆ, ನೀವು ಕೆಳಗೆ ಹೋಗ್ತೀರಿ.

ಡ್ಯಾಂನಲ್ಲಿ ಹೀಗಾದ್ರೆ ಏನು ಗತಿ? ಹಿರಿಯೂರಿನಿಂದ ಹೊರಟ ವಾಹನ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಲ್ಲೂ ನಿಲ್ಲದೆ ಬಂದ್ರೂ 20 ನಿಮಿಷ. ಹೊಸದುರ್ಗದ ಕಡೆ ಹಿನ್ನೀರಿನ ಮೂಲೆ ಆದ್ರೆ ಇನ್ನೂ ಹೆಚ್ಚು. ಉಸಿರು ನಿಂತ ಮನುಷ್ಯನ ಮಿದುಳಿಗೆ ಹಾನಿ ಶುರುವಾಗೋಕೆ ಸಾಕಾಗೋದು ನಾಲ್ಕೈದು ನಿಮಿಷ. ಹಾಗಾಗಿ ರಕ್ಷಣಾ ದೋಣಿ, ಅದನ್ನ ಓಡಿಸೋ ಇಬ್ಬರು ಅಲ್ಲೇ ದಡದಲ್ಲಿ ದಿನಾ ಇರಬೇಕು. ಖರ್ಚಿನ ದೊಡ್ಡ ಭಾಗ ಇದೇ. ಜಾಕೆಟ್ ಒಂದು ಸಲ ಕೊಂಡ್ರೆ ಆಯ್ತು, ಸಂಬಳ ತಿಂಗಳು ತಿಂಗಳು ಕೊಡಬೇಕು. ಅದಕ್ಕೇ ಉದ್ಘಾಟನೆ ದಿನ ಜಾಕೆಟ್ ಕಾಣುತ್ತೆ, ಆರು ತಿಂಗಳ ಮೇಲೆ ಈಜುಗಾರ ಕಾಣಲ್ಲ.

ಕಾನೂನು ಇದೆ. ಹಳೇದು 1917ರದ್ದು, ನಮ್ಮ ಮಾರಿಕಣಿವೆಗಿಂತ ಹತ್ತು ವರ್ಷ ಚಿಕ್ಕದು, ಹಬೆ ದೋಣಿಗಳ ಕಾಲದ್ದು. ಅದರ ಜಾಗಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಎಂಜಿನ್ ಇರೋ ದೋಣಿಗೆ ತಪಾಸಣೆ ಪ್ರಮಾಣಪತ್ರ, ನೋಂದಣಿ, ವಿಮೆ ಬೇಕು. ಅಪಘಾತ ಆದ್ರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಕಾಯ್ದೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು: ಪ್ರತಿ ರಾಜ್ಯವೂ ಒಂದು ಅಭಿವೃದ್ಧಿ ನಿಧಿ ಮಾಡಬೇಕು, ಅದನ್ನ ತುರ್ತು ಪರಿಸ್ಥಿತಿಯ ಸಿದ್ಧತೆಗೂ ಬಳಸಬೇಕು ಅಂತಿದೆ. ಅಂದ್ರೆ ದುಡ್ಡಿಡೋಕೆ ಒಂದು ಪೆಟ್ಟಿಗೆ ಕಾನೂನಿನಲ್ಲೇ ಇದೆ. ಇನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಕೊಟ್ಟಿದೆ.

ಪೆಟ್ಟಿಗೆಗೆ ದುಡ್ಡು ಹಾಕೋದು ಹೇಗೆ ಅನ್ನೋದಕ್ಕೆ ಅಮೆರಿಕದ ಪದ್ಧತಿ ಕೇಳೋಕೆ ಚೆನ್ನಾಗಿದೆ. ಅಲ್ಲಿ ಮೋಟಾರ್ ದೋಣಿಗೆ ಹಾಕೋ ಇಂಧನದ ತೆರಿಗೆ ಒಂದು ಪ್ರತ್ಯೇಕ ನಿಧಿಗೆ ಹೋಗುತ್ತೆ. ಅದರಲ್ಲಿ ಒಂದು ಪಾಲನ್ನ ಕೋಸ್ಟ್ ಗಾರ್ಡ್ ರಾಜ್ಯಗಳಿಗೆ ಹಂಚುತ್ತೆ, ರಾಜ್ಯಗಳು ತಮ್ಮ ಪಾಲನ್ನೂ ಹಾಕಿ ತರಬೇತಿ, ಗಸ್ತು ನಡೆಸ್ತಾವೆ. ಮೋಜು ಮಾಡೋರ ದುಡ್ಡಿನಿಂದಲೇ ಮೋಜು ಮಾಡೋರ ರಕ್ಷಣೆ. ಹಾಗಿದ್ರೂ 2023ರಲ್ಲಿ ಅಲ್ಲಿ 564 ಜನ ಸತ್ತರು. ನೀರಲ್ಲಿ ಮುಳುಗಿ ಸತ್ತವರಲ್ಲಿ ನೂರಕ್ಕೆ 87 ಜನ ಜಾಕೆಟ್ ಹಾಕಿರಲಿಲ್ಲ. ದುಡ್ಡೊಂದೇ ಎಲ್ಲ ಮಾಡಲ್ಲ, ಆದ್ರೆ ಲೆಕ್ಕ ಇಟ್ಟಿದ್ದರಿಂದಲೇ ಈ 87 ಅನ್ನೋ ಅಂಕಿ ಹೊರಬಂತು ನೋಡಿ. ನಮ್ಮಲ್ಲಿ ದೋಣಿಯ ಪೆಟ್ರೋಲ್ ತೆರಿಗೆ ಬೈಕಿನ ತೆರಿಗೆ ಜೊತೆ ಬೆರೆತುಹೋಗುತ್ತೆ. ಬೇಡ, ಟಿಕೆಟ್‌ನಲ್ಲೇ ಐದೋ ಹತ್ತೋ ರೂಪಾಯಿ 'ಸುರಕ್ಷತೆಗೆ' ಅಂತ ಬೇರೆ ಮಾಡಿ ಆ ಖಾತೆಯ ಲೆಕ್ಕವನ್ನ ಕೌಂಟರ್ ಮುಂದೆ ಅಂಟಿಸಲಿ. ಅಷ್ಟಕ್ಕೆ ಹೊಸ ಕಾನೂನು ಬೇಕಾಗಲ್ಲ ಅಂತ ನನ್ನ ಅನಿಸಿಕೆ.

ಹೊಳಲ್ಕೆರೆಯ ಗೆಳೆಯನೊಬ್ಬ ಈ ವಿಷಯ ಹೇಳಿದಾಗ ನಕ್ಕ. 'ನಮ್ಮೂರ ಹೆಸರಲ್ಲೇ ಕೆರೆ ಇದೆ, ದೋಣಿ ಎಲ್ಲಿದೆಯಪ್ಪಾ? ನಮ್ಮ ಹುಡುಗರು ಮುಳುಗೋದು ಕೃಷಿ ಹೊಂಡದಲ್ಲಿ' ಅಂದ. ಅವನ ಮಾತಲ್ಲಿ ಸತ್ಯ ಇದೆ. ದೇಶದಲ್ಲಿ ವರ್ಷಕ್ಕೆ ನೀರಲ್ಲಿ ಮುಳುಗಿ ಸಾಯೋರು ಸುಮಾರು 38 ಸಾವಿರ, ಅದರಲ್ಲಿ ದೋಣಿ ಅಪಘಾತದ ಪಾಲು ಸಣ್ಣದು. ಆದ್ರೆ ಡ್ಯಾಂ ದಡದಲ್ಲಿ ಸಂಬಳಕ್ಕಿರೋ ಇಬ್ಬರು ಈಜುಗಾರರು ದೋಣಿ ಹತ್ತಿದವರನ್ನ ಮಾತ್ರ ಕಾಯಲ್ಲ, ಈಜೋಕೆ ಇಳಿದ ಹುಡುಗನನ್ನೂ ಎತ್ತುತ್ತಾರೆ. ರಜೆಯಲ್ಲಿ ಊರ ಮಕ್ಕಳಿಗೆ ಈಜೂ ಕಲಿಸಬಹುದು.

ಈಗ ನಿಮ್ಮ ಕೆಲಸ. ಮಾರಿಕಣಿವೆ ಇರಲಿ, ಚಂದ್ರವಳ್ಳಿ ಕೆರೆ ಇರಲಿ, ನಿಮ್ಮೂರಿನ ಯಾವುದೇ ನೀರಲ್ಲಿ ಬೋಟಿಂಗ್ ಬರುತ್ತೆ ಅಂತ ಸುದ್ದಿ ಕೇಳಿದ ದಿನವೇ ಒಂದು ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ, 150 ಪದದೊಳಗೆ ಇರಬೇಕು, ಹಾಗಾಗಿ ಪುರಾಣ ಬೇಡ. ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಗೆ ಬರೆಯಿರಿ. ಟೆಂಡರ್‌ನ ಸುರಕ್ಷತಾ ಷರತ್ತುಗಳ ಪ್ರತಿ ಕೊಡಿ, ದೋಣಿಗಳ ತಪಾಸಣೆ ಪ್ರಮಾಣಪತ್ರ ಮತ್ತು ವಿಮೆಯ ಪ್ರತಿ ಕೊಡಿ, ರಕ್ಷಣಾ ಸಿಬ್ಬಂದಿಯ ಸಂಬಳ ಯಾವ ಲೆಕ್ಕ ಶೀರ್ಷಿಕೆಯಿಂದ ಹೋಗುತ್ತೆ ತಿಳಿಸಿ. ಇಷ್ಟೇ. ಉತ್ತರ ಬಂದ್ರೆ ಫೋಟೊ ತೆಗೆದು ನಮಗೆ ಕಳಿಸಿ, ಇಲ್ಲೇ ಓದಿ ಹೇಳ್ತೀನಿ. ಬರದಿದ್ರೆ ಮೊದಲ ಮೇಲ್ಮನವಿ ಹಾಕೋದು ಹೇಗೆ ಅಂತ ಮುಂದಿನ ಸಂಚಿಕೆಯಲ್ಲಿ.