ಶಾಲೆಯ ಬೋರ್ಡೇ ಜಾಹೀರಾತಾದ ಸಿನಿಮಾ



ಯಾವುದಾದರೂ ಒಂದು ಜಾಹೀರಾತನ್ನು ಬಿಡಿಸಿ ನೋಡಿ ಬರೆಯಿರಿ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿದ್ದರು. ಕೆಲವರು ಸೋಪು ತಗೊಂಡ್ರು, ಕೆಲವರು ಟೂತ್‌ಪೇಸ್ಟು ತಗೊಂಡ್ರು. ನಾನು ಒಂದು ಸಿನಿಮಾ ತಗೊಂಡೆ. ಅದರ ಹೆಸರು 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ'. ಇದನ್ನು ನಿರ್ದೇಶಿಸಿದವರು ರಿಷಬ್ ಶೆಟ್ಟಿ. 2018ರ ಆಗಸ್ಟ್ 24ರಂದು ಬಿಡುಗಡೆಯಾಯಿತು.

ಮೊದಲು ಒಂದು ಮಾತು. ಜಾಹೀರಾತು ಬೇರೆ, ಪ್ರಚಾರ ಬೇರೆ. ಗೋಡೆಗೆ ಅಂಟಿಸಿದ ಒಂದು ಪೋಸ್ಟರ್ ಜಾಹೀರಾತು. ಪೋಸ್ಟರ್, ಹಾಡು, ಟ್ರೈಲರ್, ಪೇಪರಿನ ಚಿತ್ರ ಎಲ್ಲವೂ ಸೇರಿಕೊಂಡು ಹಲವು ದಿನ ಒಂದೇ ಮಾತನ್ನು ಹೇಳಿದರೆ ಅದು ಪ್ರಚಾರ. ನಮ್ಮ ತಾತನ ಕಾಲದಲ್ಲಿ ಗಾಡಿಗೆ ಪೋಸ್ಟರ್ ಕಟ್ಟಿ, ಮೈಕಿನಲ್ಲಿ ಕೂಗುತ್ತಾ, ಹ್ಯಾಂಡ್‌ಬಿಲ್ ಎಸೆಯುತ್ತಾ ಬರುತ್ತಿದ್ದರಂತೆ. 'ಸಕುಟುಂಬ ಸಮೇತರಾಗಿ ಬನ್ನಿ' ಅಂತ ಕೂಗಿದರೆ ಹೆಂಗಸರೂ ಮಕ್ಕಳೂ ಟೆಂಟಿಗೆ ಹೊರಡುತ್ತಿದ್ದರಂತೆ. ಈಗ ಆ ಗಾಡಿಯ ಕೆಲಸವನ್ನು ಮೊಬೈಲು ಮಾಡುತ್ತದೆ.

ಜಾಹೀರಾತನ್ನು ನೋಡುವಾಗ ನಾಲ್ಕು ಪ್ರಶ್ನೆ ಕೇಳಬೇಕು. ಹೇಳುವವರು ಯಾರು? ಯಾರಿಗೆ ಹೇಳುತ್ತಾರೆ? ಏನು ತೋರಿಸುತ್ತಾರೆ? ಏನು ತೋರಿಸುವುದಿಲ್ಲ?

ಒಂದನೇ ಪ್ರಶ್ನೆ. ಹೇಳುವವರು ಸಿನಿಮಾ ಮಾಡಿದವರು. ರಿಷಬ್ ಶೆಟ್ಟಿಯವರು ಇದಕ್ಕೆ ಮೊದಲು 2016ರಲ್ಲಿ 'ಕಿರಿಕ್ ಪಾರ್ಟಿ' ಮಾಡಿ ಹೆಸರು ಗಳಿಸಿದ್ದರು. ಆದ್ದರಿಂದ ಅವರ ಹೆಸರೇ ಅರ್ಧ ಜಾಹೀರಾತು. ಅವರಿಗೆ ಶಾಲೆಯ ಮೇಲೆ ಪ್ರೀತಿ ಇರಬಹುದು, ಆದರೆ ಪೋಸ್ಟರ್ ಅಂಟಿಸುವುದು ಟಿಕೇಟು ಮಾರುವುದಕ್ಕೆ. ಇದನ್ನು ನಾವು ಮರೆಯಬಾರದು.

ಎರಡನೇ ಪ್ರಶ್ನೆ. ಮಕ್ಕಳ ಸಿನಿಮಾ ಅಂದ ಮಾತ್ರಕ್ಕೆ ಮಕ್ಕಳಿಗೆ ಮಾತ್ರ ಹೇಳಿದರೆ ಸಾಲದು. ಯಾಕಂದ್ರೆ ನಮ್ಮ ಜೇಬಿನಲ್ಲಿ ದುಡ್ಡಿಲ್ಲ! ಕರೆದುಕೊಂಡು ಹೋಗಬೇಕಾದವರು ಅಪ್ಪ ಅಮ್ಮ. ಅದಕ್ಕೇ ಪೋಸ್ಟರ್‌ಗಳಲ್ಲಿ ಮಕ್ಕಳ ಜೊತೆ ಅನಂತ್ ನಾಗ್ ಅವರೂ ಇದ್ದಾರೆ. ಮಕ್ಕಳನ್ನು ನೋಡಿ ನಾವು ಹಟ ಮಾಡುತ್ತೇವೆ, ಅನಂತ್ ನಾಗ್ ಅವರನ್ನು ನೋಡಿ ದೊಡ್ಡವರು ಒಪ್ಪುತ್ತಾರೆ. ಬಿಡುಗಡೆಯ ದಿನವನ್ನೂ ನೋಡಿ. ಆಗಸ್ಟ್ 24 ಶುಕ್ರವಾರ, ಆವತ್ತೇ ವರಮಹಾಲಕ್ಷ್ಮಿ ಹಬ್ಬ. ಮುಂದೆ ಶನಿವಾರ, ಭಾನುವಾರ. ಮನೆಮಂದಿಯೆಲ್ಲ ಒಟ್ಟಿಗೆ ಇರುವ ದಿನಗಳು.

ಮೂರನೇ ಪ್ರಶ್ನೆಯೇ ಮುಖ್ಯವಾದದ್ದು. ಸಿನಿಮಾಕ್ಕೆ ಹೆಸರು ಚಿಕ್ಕದಿರಬೇಕು, ಹೇಳೋಕೆ ಸುಲಭ ಇರಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 1995ರ 'ಓಂ', 1998ರ 'ಎ' ಒಂದೊಂದೇ ಅಕ್ಷರದ ಹೆಸರುಗಳು. ಈ ಸಿನಿಮಾದ್ದು ಮಾತ್ರ ಒಂದು ಸಾಲು ಪೂರ್ತಿ. ಆದರೂ ಜನ ಮರೆಯಲಿಲ್ಲ. ಯಾಕೆ? ಅದು ಹೆಸರಲ್ಲ, ಬೋರ್ಡು! 'ಹಿ. ಪ್ರಾ.' ಅಂದರೆ ಹಿರಿಯ ಪ್ರಾಥಮಿಕ ಅಂತ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 'ಕೊಡುಗೆ' ಎಂಬ ಮಾತು ನಮ್ಮ ಶಾಲೆಯಲ್ಲೂ ಇದೆ. ಗೋಡೆ ಗಡಿಯಾರದ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಬೀರುವಿನ ಮೇಲೆ ನೋಡಿ. 'ರೈ' ಅಂದ ಕೂಡಲೇ ಕರಾವಳಿ ಕಡೆಯ ಕಥೆ ಅಂತ ಗೊತ್ತಾಗುತ್ತದೆ. ಇನ್ನು 'ಕಾಸರಗೋಡು' ಎಂಬ ಒಂದು ಪದದಲ್ಲಿ ಇತಿಹಾಸವೇ ಇದೆ. 1956ರ ನವೆಂಬರ್ 1ರಂದು ಭಾಷೆಯ ಪ್ರಕಾರ ರಾಜ್ಯಗಳಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರು ಅಲ್ಲೇ ಉಳಿದರು. ಬೋರ್ಡು ಓದುವಾಗಲೇ ಇಷ್ಟೆಲ್ಲ ನೆನಪಾದರೆ ಬೇರೆ ಜಾಹೀರಾತು ಯಾಕೆ ಬೇಕು ಹೇಳಿ.

ಹಾಡುಗಳನ್ನು ಸಿನಿಮಾಕ್ಕಿಂತ ಮೊದಲೇ ಬಿಟ್ಟರು. ಸಂಗೀತ ವಾಸುಕಿ ವೈಭವ್ ಅವರದು. ದಡ್ಡ ಹುಡುಗನನ್ನು ಕಿಚಾಯಿಸುವ ಹಾಡೊಂದಿದೆ. ಪ್ರತಿ ಕ್ಲಾಸಿನಲ್ಲೂ ಅಂಥವನೊಬ್ಬ ಇರುವುದರಿಂದ ಹಾಡು ತಾನಾಗಿ ಬಾಯಿಗೆ ಬರುತ್ತದೆ. ನಾವು ಹಾಡಿದಷ್ಟೂ ಸಿನಿಮಾದವರಿಗೆ ಪುಕ್ಕಟೆ ಪ್ರಚಾರ.

ನಾಲ್ಕನೇ ಪ್ರಶ್ನೆ, ಏನು ತೋರಿಸುವುದಿಲ್ಲ? ಹಾಡಿನಲ್ಲಿ ತುಂಟಾಟ, ನಗು. ಕಥೆಯಲ್ಲಿ ಇರುವುದು ಮುಚ್ಚಿಹೋಗುವ ಕನ್ನಡ ಶಾಲೆ, ಕನ್ನಡ ಬಾರದ ಮೇಷ್ಟ್ರು, ನ್ಯಾಯ ಕೇಳಿಕೊಂಡು ಮೈಸೂರಿನ ತನಕ ಹೋಗುವ ಮಕ್ಕಳು. ನಗು ತಲೆಬಾಗಿಲು, ನೋವು ನಡುಮನೆ. ಇದು ಮೋಸವಾ? ಅಲ್ಲ ಅಂತ ನನಗನ್ನಿಸುತ್ತದೆ. ಕಹಿ ಔಷಧಿಗೆ ಬೆಲ್ಲ ಕೊಡುವ ಹಾಗೆ. ಬೆಲ್ಲ ತೋರಿಸಿ ಒಳಗೆ ಔಷಧಿಯೇ ಇಲ್ಲದಿದ್ದರೆ ಅದು ಮೋಸ. ಈ ಸಿನಿಮಾಕ್ಕೆ 2019ರಲ್ಲಿ ಪ್ರಕಟವಾದ 66ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರ ಪ್ರಶಸ್ತಿ ಬಂತು. ಔಷಧಿ ಇತ್ತು ಅಂತ ಆಯ್ತು.

ಈಗ ಇದೇ ನಾಲ್ಕು ಪ್ರಶ್ನೆಯನ್ನು ನಮ್ಮೂರಿಗೆ ತರೋಣ. ಬಸ್‌ಸ್ಟಾಪಿನ ಹತ್ತಿರ ಒಂದು ಖಾಸಗಿ ಶಾಲೆಯ ಬ್ಯಾನರ್ ಕಟ್ಟಿದ್ದಾರೆ. ಟೈ, ಬೂಟು, ನಗುವ ಮಕ್ಕಳು, ಹಳದಿ ವ್ಯಾನು ಎಲ್ಲ ಇದೆ. ಫೀಸು ಎಷ್ಟು ಅಂತ ಬರೆದಿಲ್ಲ. ಎಳೆ ಮಕ್ಕಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು ಅಂತ ಬರೆದಿಲ್ಲ. ಆದರೂ ಅದು ಮಾತಾಡುತ್ತದೆ, ನಮ್ಮ ಶಾಲೆ ಸುಮ್ಮನಿದೆ. ಈ ವರ್ಷ ನಮ್ಮ ಒಂದನೇ ತರಗತಿಗೆ ಸೇರಿದ್ದು 4 ಮಕ್ಕಳು. ಮುಂದಿನ ವರ್ಷ ನನ್ನ ತಂಗಿಯನ್ನೂ ವ್ಯಾನಿಗೆ ಹಾಕೋಣ ಅಂತ ನಮ್ಮನೇಲೂ ಮಾತು ನಡೀತಿದೆ.

ಹಾಗಾದರೆ ನಾವೂ ಒಂದು ಪ್ರಚಾರ ಮಾಡಬಾರದೇಕೆ? ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ ಅಂತ ಬರೆಯೋಣ. ಆದರೆ ಅಷ್ಟೇ ಬರೆದರೆ ಊಟಕ್ಕೆ ಕರೆದ ಹಾಗಾಗುತ್ತದೆ. ಮೂರನೇ ತರಗತಿಯವರು ತಪ್ಪಿಲ್ಲದೆ ಓದುವುದನ್ನು ಸಂತೆಯ ದಿನ ಕಟ್ಟೆಯ ಮೇಲೆ ನಿಲ್ಲಿಸಿ ಓದಿಸೋಣ. ಅದೇ ನಮ್ಮ ಟ್ರೈಲರ್. ಒಂದು ಕೊಠಡಿ ಸೋರುತ್ತದೆ, ಒಬ್ಬರೇ ಮೇಷ್ಟ್ರು ಎರಡು ತರಗತಿ ನೋಡಿಕೊಳ್ಳುತ್ತಾರೆ ಎಂಬುದನ್ನು ಮುಚ್ಚಿಡುವುದು ಬೇಡ. ಅದನ್ನೂ ಬರೆದರೆ ಸರಿ ಮಾಡಿಸುವವರು ಯಾರಾದರೂ ಓದಬಹುದು. ಬೋರ್ಡಿನ ಮೇಲೆ 'ಕೊಡುಗೆ' ಅಂತ ಅವರ ಹೆಸರು ಹಾಕಲು ಜಾಗ ಇದೆ.

ಮೇ ತಿಂಗಳ ಕೊನೆಗೆ ದಾಖಲಾತಿ ಶುರುವಾಗುತ್ತದೆ. ಅದಕ್ಕೆ ಮೊದಲು ರಸ್ತೆ ಕಡೆಯ ಕಾಂಪೌಂಡ್ ಗೋಡೆಗೆ ಬರೆದು ಮುಗಿಸಬೇಕು. ಮುಖ್ಯೋಪಾಧ್ಯಾಯರು ದಯವಿಟ್ಟು ಅನುಮತಿ ಕೊಡಬೇಕಾಗಿ ವಿನಂತಿ. ದುಂಡಗೆ ಬರೆಯುವವರು ಹೆಸರು ಕೊಡಿ. ಸುಣ್ಣ, ಕೆಮ್ಮಣ್ಣು ನಾನು ತರುತ್ತೇನೆ.

– ಏಳನೇ ತರಗತಿ