ಪೋಕರ್ ಪಂತದ ನಿಯಮಗಳು ಮತ್ತು ಮೇಜಿನ ಶಿಷ್ಟಾಚಾರ

ಪೋಕರ್ ಇಸ್ಪೀಟೆಲೆಗಳಿಂದ ಆಡುವ ಪಂತದ ಆಟ. ಎದುರಾಳಿಯ ಮುಖಭಾವ ನೋಡಿ ಯಾರೂ ತಮ್ಮ ಪಂತವನ್ನು ಬದಲಿಸದಂತೆ ತಡೆಯುವುದು ಇದರ ಮೇಜಿನ ನಿಯಮಗಳ ಒಂದು ಉದ್ದೇಶ.

ಪಂತದ ನಿಯಮಗಳು
ಸರದಿಯಲ್ಲಿ ಬಾಯಿಮಾತಿನಿಂದ ಘೋಷಿಸಿದ ಪಂತಕ್ಕೆ ಆಟಗಾರನು ಬದ್ಧನು. ಪಂತ ಏರಿಸುವವನು ಮೊತ್ತವನ್ನು ಮೊದಲೇ ಹೇಳಬೇಕು ಅಥವಾ ಬಿಲ್ಲೆಗಳನ್ನು ಒಮ್ಮೆಗೇ ಮುಂದಿಡಬೇಕು. ಕಂತುಗಳಲ್ಲಿ ಇಡುವ ‘ಸ್ಟ್ರಿಂಗ್ ಬೆಟ್’ ನಿಷಿದ್ಧ. 100 ರೂಪಾಯಿಯ ಪಂತಕ್ಕೆ ಮಾತಿಲ್ಲದೆ 500ರ ಒಂದೇ ಬಿಲ್ಲೆಯನ್ನಿಟ್ಟರೆ ಅದು ಏರಿಕೆಯಲ್ಲ, ಕೇವಲ ‘ಕಾಲ್’; ಉಳಿದ 400 ರೂಪಾಯಿ ಮರಳುತ್ತದೆ. ಎಲೆ ಹಂಚಿದ ಬಳಿಕ ಆ ಸುತ್ತಿಗೆ ಜೇಬಿನಿಂದ ಹಣ ಸೇರಿಸುವಂತಿಲ್ಲ.

ಶಿಷ್ಟಾಚಾರ
ಸರದಿ ತಪ್ಪಿ ಆಡುವುದು, ನಡೆಯುತ್ತಿರುವ ಸುತ್ತಿನಲ್ಲಿ ಇತರರಿಗೆ ಸಲಹೆ ನೀಡುವುದು, ಕೈಬಿಟ್ಟ ಎಲೆಗಳನ್ನು ಬಹಿರಂಗಪಡಿಸುವುದು ಸಲ್ಲದು. ಹೆಚ್ಚಿನ ಮೌಲ್ಯದ ಬಿಲ್ಲೆಗಳು ಎಲ್ಲರಿಗೂ ಕಾಣುವಂತಿರಬೇಕು.

ಕರ್ನಾಟಕದಲ್ಲಿ ಕಾನೂನು
ಕರ್ನಾಟಕ ಪೊಲೀಸ್ ಕಾಯ್ದೆ, 1963 ಜೂಜಿನ ಅಡ್ಡೆಗಳನ್ನು ದಂಡನೀಯವಾಗಿಸಿದರೂ ಕೌಶಲದ ಆಟಗಳಿಗೆ ವಿನಾಯಿತಿ ನೀಡಿದೆ. ಇಂಡಿಯನ್ ಪೋಕರ್ ಅಸೋಸಿಯೇಷನ್ ಸಲ್ಲಿಸಿದ ಅರ್ಜಿಯಲ್ಲಿ, ಪೋಕರನ್ನು ಕೌಶಲದ ಆಟವಾಗಿ ಆಡಿಸಲು ಪರವಾನಗಿ ಬೇಕಿಲ್ಲವೆಂದು ಬೆಂಗಳೂರಿನ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿತು. ಹಣ ಪಣವಿಟ್ಟ ಕೌಶಲದ ಆಟಗಳಿಗೂ ನಿಷೇಧವನ್ನು ವಿಸ್ತರಿಸಿದ 2021ರ ತಿದ್ದುಪಡಿಯ ಅಂಶಗಳನ್ನು ಅದೇ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು.