ಪುಟ್ಟಿಗೊಬ್ಬ ಗಿಟಾರ್ ಟೀಚರ್

ಗಿಟಾರ್ ಎಂದರೆ ನನಗೆ ನೆನಪಾಗುವುದು ದಾವಣಗೆರೆಯ ಹಾಸ್ಟೆಲ್ಲು. ಇಂಜಿನಿಯರಿಂಗ್ ಓದುವಾಗ ಐದು ಜನ ಚಂದಾ ಹಾಕಿ ಒಂದು ಗಿಟಾರ್ ಕೊಂಡಿದ್ದೆವು. ನಾಲ್ಕು ವರ್ಷದಲ್ಲಿ ನಾನು ಕಲಿತದ್ದು ನಾಲ್ಕು ಕಾರ್ಡು, ವರ್ಷಕ್ಕೊಂದರಂತೆ! ಈ ಪಾಂಡಿತ್ಯದ ಧೈರ್ಯದ ಮೇಲೆ, ಎಂಟು ವರ್ಷದ ಮಗಳು ಪುಟ್ಟಿ "ಅಪ್ಪಾ, ನಂಗೂ ಗಿಟಾರ್ ಬೇಕು" ಅಂದಾಗ, "ಟೀಚರ್ ಯಾಕೆ, ನಾನೇ ಹೇಳ್ಕೊಡ್ತೀನಿ" ಎಂದುಬಿಟ್ಟೆ.

ಸ್ಟೀಲ್ ತಂತಿಯ ನನ್ನ ದೊಡ್ಡ ಗಿಟಾರನ್ನೇ ಅವಳ ತೊಡೆಯ ಮೇಲಿಟ್ಟೆ. ಮೊದಲ ದಿನವೇ ಮೂರು ಬೆರಳಿನ ಸಿ ಕಾರ್ಡು. ಎರಡನೇ ವಾರಕ್ಕೆ ಬೆರಳ ತುದಿಯೆಲ್ಲ ಕೆಂಪು, ಕಣ್ಣಲ್ಲಿ ನೀರು. ಸಣ್ಣವಳಿದ್ದಾಗ ಕರ್ನಾಟಕ ಸಂಗೀತ ಕಲಿತ ನನ್ನವಳು, "ರೀ, ಸರಳೆ ವರಸೆ ಬಿಟ್ಟು ಸೀದಾ ಕೃತಿ ಶುರು ಮಾಡಿದ ಹಾಗಾಯ್ತು ನಿಮ್ಮ ಪಾಠ. ಬೇರೆ ಯಾರನ್ನಾದ್ರೂ ನೋಡಿ" ಎಂದು ತೀರ್ಪು ಕೊಟ್ಟಳು.

ಸಾಫ್ಟ್‌ವೇರ್ ಬುದ್ಧಿ ಸುಮ್ಮನಿದ್ದೀತೇ? ನಾವಿರುವ ರೆಡಿಂಗ್ ಸುತ್ತಮುತ್ತಲಿನ ಗಿಟಾರ್ ಟೀಚರುಗಳ ಪಟ್ಟಿ ಎಕ್ಸೆಲ್ ಶೀಟಿಗೆ ಇಳಿಯಿತು. ಡಿಗ್ರಿ, ಅನುಭವ, ಫೀಸು, ದೂರ, ಎಲ್ಲಕ್ಕೂ ಅಂಕ. ಅತಿ ಹೆಚ್ಚು ಅಂಕ ಬಂದವರ ಹತ್ತಿರ ಪುಟ್ಟಿಯನ್ನು ಸೇರಿಸಿದೆ. ಶನಿವಾರ ಅರ್ಧ ಗಂಟೆ ಪಾಠ. ಅವಳು ಒಳಗೆ, ನಾನು ಕಾರಿನಲ್ಲಿ ಕೂತು ಈಮೇಲ್ ನೋಡುವುದು.

ಮೂರನೇ ತಿಂಗಳಿಗೆ ಪ್ರತಿ ಶನಿವಾರ ಬೆಳಿಗ್ಗೆ ಪುಟ್ಟಿಗೆ ಹೊಟ್ಟೆನೋವು ಶುರುವಾಯಿತು. "ಫೀಸ್ ಕಟ್ಟಿದೀನಿ, ಸೋಮಾರಿತನ ಬೇಡ" ಎಂದು ಗದರಿಸಿ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಕಾರು ಸರ್ವೀಸಿಗೆ ಹೋಗಿತ್ತು. ಬಸ್ಸಿನಲ್ಲಿ ಹೋಗಿ, ಹೊರಗೆ ಮಳೆಯೆಂದು ಪಾಠದ ಕೋಣೆಯಲ್ಲೇ ಕೂತೆ. ಅವರು ಅದ್ಭುತವಾಗಿ ನುಡಿಸುತ್ತಾರೆ, ಎರಡು ಮಾತಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಅವರೇ ನುಡಿಸಿದರು, ಐದು ನಿಮಿಷ ಮಾತಾಡಿದರು. ಪುಟ್ಟಿಗೆ ಸಿಕ್ಕಿದ್ದು ಉಳಿದ ಐದು. ಅದರಲ್ಲಿ ಅವಳು ತಪ್ಪಿದಾಗ ಮತ್ತೆ ಅವರೇ ನುಡಿಸಿ ತೋರಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಮೆಲ್ಲಗೆ, "ನಂಗೆ ಮ್ಯೂಸಿಕ್ ಬರಲ್ಲ ಅಪ್ಪಾ, ನಾನು ದಡ್ಡಿ" ಅಂದಳು. ನಾನು ಬೈದದ್ದೆಲ್ಲ ನೆನಪಾಗಿ ತಲೆ ತಗ್ಗಿಸುವಂತಾಯಿತು.

ಮುಂದೆ ಸಿಕ್ಕಿದವರು ಒಬ್ಬ ಹಿರಿಯ ಮಹಿಳೆ. ನನ್ನ ಶೀಟಿನಲ್ಲಿ ಆರನೇ ಸ್ಥಾನ! "ಯಾವ ಹಾಡು ನುಡಿಸಬೇಕು ಅಂತ ಆಸೆ?" ಎಂದು ಕೇಳಿದ್ದು ನನ್ನನ್ನಲ್ಲ, ಪುಟ್ಟಿಯನ್ನು. ಅವಳು ಶಿವಮೊಗ್ಗದ ಅಜ್ಜಿ ಫೋನಿನಲ್ಲಿ ಹಾಡುವ ಜೋಗುಳದ ಹೆಸರು ಹೇಳಿದಳು. ಕನ್ನಡ ತಿಳಿಯದ ಆಕೆ ಅವಳಿಂದ ಎರಡು ಸಲ ಹಾಡಿಸಿ ಕೇಳಿಕೊಂಡರು. ಆಮೇಲೆ ಅವಳ ಕೈ ಅಳತೆ ನೋಡಿ, ನೈಲಾನ್ ತಂತಿಯ ಅರ್ಧ ಸೈಜಿನ ಗಿಟಾರ್ ತರಲು ಹೇಳಿದರು. ನೈಲಾನ್ ತಂತಿ ಒತ್ತಲು ಅಷ್ಟು ಬಿಗಿಯಿಲ್ಲ, ಬೆರಳು ನೋಯುವುದು ಕಡಿಮೆ.

ಕಾರ್ಡುಗಳೂ ಒಂದೇ ಬೆರಳಿನವು. ಎರಡನೇ ತಂತಿಯ ಮೊದಲ ಫ್ರೆಟ್ ಒತ್ತಿ, ಸಣ್ಣ ತಂತಿಗಳು ಮೂರನ್ನು ಮಾತ್ರ ಮೀಟಿದರೆ ಸಿ. ಮೊದಲ ತಂತಿಯ ಮೂರನೇ ಫ್ರೆಟ್ ಒತ್ತಿ ಅವೇ ಮೂರನ್ನು ಮೀಟಿದರೆ ಜಿ. ಎಷ್ಟೋ ಮಕ್ಕಳ ಹಾಡುಗಳಿಗೆ ಇವೆರಡೇ ಸಾಕು. ಮೊದಲ ದಿನ ಅರ್ಧ ಗಂಟೆಯಲ್ಲಿ ಮುಕ್ಕಾಲು ಪಾಲು ನುಡಿಸಿದ್ದು ಪುಟ್ಟಿ.

ಮಕ್ಕಳಿಗೆ ಗಿಟಾರ್ ಟೀಚರನ್ನು ಹುಡುಕುತ್ತಿರುವ ಗೆಳೆಯರಿಗೆ ನನ್ನ ಅನುಭವದ ನಾಲ್ಕು ಮಾತು. ಒಂದು ಟರ್ಮಿನ ಫೀಸು ಕಟ್ಟುವ ಮೊದಲು ಒಂದು ಟ್ರಯಲ್ ಪಾಠ ಕೇಳಿ, ನೀವೂ ಒಳಗೆ ಕೂತುಕೊಳ್ಳಿ. ಯಾರು ಹೆಚ್ಚು ಹೊತ್ತು ನುಡಿಸುತ್ತಾರೆ ಅಂತ ಗಡಿಯಾರ ನೋಡಿ. ಮುಂದಿನ ವಾರದವರೆಗೆ ಏನು ಅಭ್ಯಾಸ ಮಾಡಬೇಕೆಂದು ಮಗುವಿಗೆ ಸ್ಪಷ್ಟವಾಗಿ ಗೊತ್ತಾಯಿತೇ ಕೇಳಿ. ಇಂಗ್ಲೆಂಡಿನಲ್ಲಿರುವವರು ಡಿಬಿಎಸ್ ಚೆಕ್ ಆಗಿದೆಯೇ ಎಂದು ಕೇಳಲು ಸಂಕೋಚ ಪಡಬೇಡಿ, ಒಳ್ಳೆಯ ಟೀಚರುಗಳು ಬೇಸರ ಮಾಡಿಕೊಳ್ಳುವುದಿಲ್ಲ. ಎಬಿಆರ್‌ಎಸ್‌ಎಂ, ಟ್ರಿನಿಟಿ ಗ್ರೇಡುಗಳು ಎಂಟರವರೆಗೂ ಇವೆ, ಎಲ್ಲಿಗೂ ಓಡಿಹೋಗುವುದಿಲ್ಲ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು, ಭಾನುವಾರ ಒಂದೇ ಸಲ ಒಂದು ಗಂಟೆ ಕೂರಿಸುವುದಕ್ಕಿಂತ ಅದೇ ವಾಸಿ.

ಹೋದ ಭಾನುವಾರ ವಿಡಿಯೋ ಕಾಲಿನಲ್ಲಿ ಪುಟ್ಟಿ ಜೋಗುಳ ನುಡಿಸಿದಳು, ಅಜ್ಜಿ ದನಿಗೂಡಿಸಿದರು. ಅಲ್ಲಿಗೂ ಇಲ್ಲಿಗೂ ಸದ್ದು ಹೋಗಿ ಬರುವಷ್ಟರಲ್ಲಿ ತಾಳ ತಪ್ಪುತ್ತದೆಯಲ್ಲ, ನಮಗೆ ಅಜ್ಜಿಯ ಹಾಡು ಪ್ರತಿ ಸಾಲಿಗೂ ಹಿಂದೆಯೇ ಕೇಳಿಸುತ್ತಿತ್ತು.

"ಅಜ್ಜೀ, ನೀನು ಲೇಟು!" ಎಂದಳು ಪುಟ್ಟಿ.

"ಆಗ್ಲಿ ಕಂದಾ, ನೀನು ನುಡಿಸ್ತಾ ಹೋಗು. ನಾನು ಹಿಂದಿಂದ ಬರ್ತೀನಿ" ಅಂದರು ಅಜ್ಜಿ.